ಸಣ್ಣತಾಯಮ್ಮನ ಕೆಂಪು ಕಾರು, ಅಕ್ಕನ ಹಸಿರು ಸೀರೆ

ಕತೆಗೆ ಕಾಲಿಲ್ಲ ಅಂತಾರೆ. ಈ ಕತೆಗೆ ನಾಲ್ಕು ಚಕ್ರ ಇವೆ, ಆದರೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಮುಟ್ಟಲಿಲ್ಲ. ಕೇಳಿ.

ಹುಲಿಕೆರೆಯಲ್ಲಿ ಹಾಲು ಮಾರುವ ಸಣ್ಣತಾಯಮ್ಮ ಅಂತ ಒಬ್ಬಳು. ಅವಳಿಗೆ ಮೂರು ಸೀಮೆಹಸು, ಒಬ್ಬನೇ ಮಗ. ಹಸುಗಳಿಗೆ ಬುದ್ಧಿ ಇತ್ತು. ಮಗನ ಹೆಸರು ಜವರ.

ಜವರನಿಗೆ ಇಪ್ಪತ್ತಾರು ವರ್ಷ. ಹೇಳಿದ್ದನ್ನು ಹೇಳಿದಂಗೇ ಮಾಡುವವನು. "ಹಾಲು ಉಕ್ಕೋದನ್ನ ನೋಡ್ತಿರ್ಲಾ" ಅಂದರೆ ಉಕ್ಕುವುದನ್ನೂ ನೋಡುವನು, ಚೆಲ್ಲುವುದನ್ನೂ ನೋಡುವನು, ಒಲೆ ಆರುವುದನ್ನೂ ನೋಡುವನು. "ಅಯ್ಯೋ, ಇಳಿಸ್ಬಾರ್ದಾಗಿತ್ತೇನ್ಲಾ?" ಅಂದರೆ, "ನೀನು ನೋಡು ಅಂದೆ, ನೋಡ್ದೆ ಕಣವ್ವ!" ಆದರೆ ಡ್ರೈವಿಂಗ್ ಲೈಸೆನ್ಸು ಮಾತ್ರ ಒಂದೇ ಏಟಿಗೆ ಸಿಕ್ಕಿಬಿಟ್ಟಿತ್ತು. ಅಲ್ಲಿ ಎಂಟು ಬರಿ ಅಂದರು, ಗಾಡಿಯಲ್ಲಿ ಎಂಟು ಬರೆದ. ನಿಲ್ಲು ಅಂದರು, ನಿಂತ. ಹೇಳಿದಂಗೆ ಮಾಡುವ ಪರೀಕ್ಷೆಯಲ್ಲಿ ಜವರನ ಮುಂದೆ ಯಾರು?

ಸಣ್ಣತಾಯಮ್ಮನಿಗೆ ಒಬ್ಬಳು ಅಕ್ಕ, ಬೇವಿನಕುಪ್ಪೆಯ ದೊಡ್ಡತಾಯಮ್ಮ. ಇಬ್ಬರಿಗೂ ಮಾತು ಬಿಟ್ಟು ಹನ್ನೆರಡು ವರ್ಷ. ಹೆತ್ತವ್ವ ಸತ್ತಾಗ ಅವಳ ಬಾಳೆಎಲೆ ಹಸಿರಿನ, ಕೆಂಪಂಚಿನ ಒಂದೇ ಒಂದು ರೇಷ್ಮೆ ಸೀರೆಯನ್ನು ತಂಗಿ ಎತ್ತಿಕೊಂಡು ಬಂದಿದ್ದಳು. ಅಕ್ಕ ಕೇಳಿದಳು, ತಂಗಿ ಕೊಡಲಿಲ್ಲ. ಅಷ್ಟೇ ಜಗಳ. ಸೀರೆ ಉಟ್ಟು ಉಟ್ಟು ಹರಿದುಹೋಯ್ತು, ಜಗಳ ಮಾತ್ರ ಹೊಸದಾಗೇ ಉಳಿಯಿತು.

ಈಗ ಸುದ್ದಿ ಬಂತು: ದೊಡ್ಡತಾಯಮ್ಮ ಬರೋ ಸೋಮವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಟು ಸೂರತ್ತಿನ ಮಗಳ ಮನೆ ಸೇರ್ತಾಳಂತೆ. ಇನ್ನು ಈ ಕಡೆ ತಿರುಗಲ್ಲವಂತೆ.

ಸಣ್ಣತಾಯಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟಳು. ಪೇಟೆಗೆ ಓಡಿ ಅಂಥದ್ದೇ ಹಸಿರು, ಅಂಥದ್ದೇ ಕೆಂಪಂಚು ಹುಡುಕಿ ಸೀರೆ ತಂದಳು. ಸೀರೆಯ ಜೊತೆ ಅಂಗಡಿಯವನು ಒಂದು ಲಕ್ಕಿ ಡ್ರಾ ಕೂಪನ್ ಕೊಟ್ಟ. ಅವತ್ತು ಸಂಜೆಯೇ ಬಸ್ಸು ಹತ್ತಿದ್ದರೆ ಕತೆ ಇಲ್ಲಿಗೇ ಮುಗೀತಿತ್ತು. ಆದರೆ ಮಾರನೇ ದಿನ ಫೋನು ಬಂತು: "ಅಮ್ಮಾ, ನಿಮಗೆ ಕಾರು ಬಂದಿದೆ!"

ಅವಳೇನಂದುಕೊಂಡಳು ಗೊತ್ತೇ? ಅಕ್ಕನ ಬಾಗಿಲಿಗೆ ಕಾರಲ್ಲೇ ಹೋಗಿ ಇಳಿಯಬೇಕು. ನೋಡೋರು ನೋಡಬೇಕು. ಆಮೇಲೆ ತಪ್ಪಾಯ್ತು ಅನ್ನಬೇಕು. ತಪ್ಪು ಒಪ್ಪಿಕೊಳ್ಳೋಕೂ ಗತ್ತು ಬೇಕಿತ್ತು ಅವಳಿಗೆ!

ಬುಧವಾರ ಕಾರು ಸಿಕ್ಕಿತು. ಸಣ್ಣದು, ಕೆಂಪಗೆ, ದುಂಡಗೆ, ಲಾಡಿನ ಹಂಗೆ. ಶೋರೂಮಿನ ಹುಡುಗ ಒಂದೇ ಉಸಿರಿಗೆ ಹೇಳಿದ: "ಆರು ಏರ್‌ಬ್ಯಾಗು, ಟರ್ಬೊ ಎಂಜಿನ್ನು, ಗೇರು ತಾನೇ ಬದಲಾಗುತ್ತೆ, ಮಳೆ ಬಂದ್ರೆ ವೈಪರ್ ತಾನೇ ಆಡುತ್ತೆ, ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುತ್ತೆ, ಬ್ರೇಕಿಂದ ಕಾಲೆತ್ತಿದ್ರೆ ತಾನೇ ಆನ್ ಆಗುತ್ತೆ, ಪರದೆ ಒಳಗಿನ ಹೆಣ್ಣುದನಿ ತಾನೇ ದಾರಿ ಹೇಳುತ್ತೆ, ಡಿಕ್ಕಿ ಮುನ್ನೂರು ಲೀಟರು!"

ಮುನ್ನೂರು ಲೀಟರು! ಹಾಲಿನ ಮನೆಯವರ ಕಿವಿ ನೆಟ್ಟಗಾಗೋದು ಅಲ್ಲೇ ಅಲ್ಲವೇ? "ಯಾರು ಎಷ್ಟೇ ಲೀಟರ್ ಅನ್ಲಿ, ಅಳೀದೆ ನಂಬಬೇಡ" ಅಂತ ಅವ್ವ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಜವರ ಮನೆಗೆ ಬಂದವನೇ ಡಿಕ್ಕಿ ತೆಗೆದ, ಹತ್ತು ಲೀಟರಿನ ಹಾಲಿನ ಕ್ಯಾನು ತಂದ, ನಲ್ಲಿ ತಿರುಗಿಸಿದ. ಒಂದು ಕ್ಯಾನು. ಎರಡು ಕ್ಯಾನು. ಆರನೇ ಕ್ಯಾನಿಗೆ ಅವ್ವ ಕೊಟ್ಟಿಗೆಯಿಂದ ಓಡಿಬಂದಳು.

"ಅವ್ವಾ, ಮೋಸ! ಮುನ್ನೂರು ಅಂದ, ಅರುವತ್ತಕ್ಕೇ ಸೀಟಿನ ಕೆಳಗೆ ಸೋರ್ತಾ ಅದೆ!"

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕೊಳಗವೇ! ಗಾಡಿಗೆ ನೀರು ಹುಯ್ತಾರೇನ್ಲಾ? ಇನ್ನು ಅದರ ಮೇಲೆ ಒಂದು ಹನಿ ನೀರು ಬೀಳಕೂಡದು! ಬೀಳೋ ಹಂಗಿದ್ರೆ ಮೊದಲೇ ಹೊದಿಸು!"

"ಆಯ್ತು ಕಣವ್ವ!"

ಸೀಟು ಒಣಗೋಕೆ ಎರಡು ದಿನ ಹಿಡಿಯಿತು. ಸೀರೆ ಪೊಟ್ಟಣ ಪೆಟ್ಟಿಗೆ ಸೇರಿತು.

ಶನಿವಾರ ಹೊರಟರು. ಏನು ಗಾಡಿ ಸ್ವಾಮಿ ಅದು! ಸ್ಟೇರಿಂಗು ಬೆಣ್ಣೆ, ಹಳ್ಳ ಬಂದರೆ ತೊಟ್ಟಿಲು ತೂಗಿದಂಗೆ. ಮೂರು ಮೈಲಿ ಹೋಗಿರಬೇಕು, ಟಪ್ ಅಂತ ಗಾಜಿನ ಮೇಲೆ ಒಂದು ಹನಿ. ವೈಪರ್ ತಾನೇ ಎದ್ದು ಒರೆಸಿತು. ಜವರ ಅದಕ್ಕಿಂತ ಜೋರಾಗಿ ಎದ್ದ! ಗಾಡಿ ನಿಲ್ಲಿಸಿದ, ಡಿಕ್ಕಿಯಿಂದ ಟಾರ್ಪಾಲು ಎಳೆದ, ಇಡೀ ಕಾರಿಗೆ ಹೊದಿಸಿ ಹಗ್ಗ ಬಿಗಿದ. ಅವ್ವ ಒಳಗೇ!

"ಲೋ! ಜವರಾ! ನಾನಿದೀನಿ ಕಣ್ಲಾ!"

"ಗೊತ್ತು ಕಣವ್ವ! ನೀನೂ ನೆನೆಯಲ್ಲ!"

ದಾರಿಹೋಕರು ನಿಂತರು. "ಏನಯ್ಯಾ, ಮೂಟೆ ಕೂಗ್ತದೆ?" ಜವರ ನೆನೆಯುತ್ತ ನಿಂತು, "ಮೂಟೆ ಅಲ್ಲ, ನಮ್ಮವ್ವ" ಅಂದ. ಮಳೆ ನಿಲ್ಲೋ ಹೊತ್ತಿಗೆ ಸಂಜೆ ಹಾಲು ಕರೆಯೋ ಹೊತ್ತಾಗಿತ್ತು. ಹೊರಗೆ ಬಂದ ಸಣ್ಣತಾಯಮ್ಮ ಬೆವತು ಕಡುಬಾಗಿದ್ದಳು.

"ಗಾಡಿ ತನ್ನ ಕೆಲಸ ತಾನೇ ಮಾಡ್ಕತದೆ ಅಂತ ಆ ಹುಡುಗ ಹೇಳ್ಲಿಲ್ವೇನ್ಲಾ? ಅದು ಏನಾರ ಮಾಡ್ಲಿ, ನೀನು ನಡುವೆ ಕೈ ಹಾಕ್ಬೇಡ!"

"ಆಯ್ತು ಕಣವ್ವ!"

ಸೀರೆ ಮತ್ತೆ ಪೆಟ್ಟಿಗೆಗೆ. ಇನ್ನು ಉಳಿದದ್ದು ಒಂದು ಭಾನುವಾರ.

"ನಾಳೆ ಬಸ್ಸಿಗೇ ಹೋಗಿಬಿಡ್ಲಾ?" ಅಂತ ಅವತ್ತು ಮಲಗುವಾಗ ಅವಳಿಗೆ ಅನ್ನಿಸಿತ್ತಂತೆ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಕೆಂಪಗೆ ಹೊಳೆಯೋದನ್ನು ನೋಡಿದಳು. ಬಸ್ಸು ಮರೆತೇಹೋಯ್ತು.

ಭಾನುವಾರ ರೈಲ್ವೆ ಗೇಟು ಹಾಕಿತ್ತು. ಜವರ ಬ್ರೇಕು ತುಳಿದು ನಿಂತ, ಎಂಜಿನ್ ತಾನೇ ಗಪ್ಪಂತ ನಿಂತಿತು. ರೈಲು ಹೋಯ್ತು, ಗೇಟು ಎದ್ದಿತು, ಜವರ ಏಳಲಿಲ್ಲ.

"ಹೋಗ್ಲಾ!"

"ಅದೇ ನಿಂತದೆ ಕಣವ್ವ. ಅದಕ್ಕೆ ಹೋಗೋ ಮನಸ್ಸು ಬರ್ಲಿ. ನಾನು ಕೈ ಹಾಕಲ್ಲ!"

ಹಿಂದೆ ಹಾರನ್ನೋ ಹಾರನ್ನು. ಲಾರಿಯವನು ಇಳಿದು ಬಂದು ಬಾನೆಟ್ಟಿಗೆ ಗುದ್ದಿದ: "ಲೇ, ಬ್ರೇಕಿಂದ ಕಾಲೆತ್ತೋ! ಮುಂದಿನ ಗಾಡಿ ಹೋದ್ರೆ ಅದರ ಹಿಂದೆ ಹೋಗ್ಬೇಕು, ಅಷ್ಟೂ ಗೊತ್ತಿಲ್ವಾ?"

"ಕೇಳಿಸ್ಕಂಡೇನ್ಲಾ?" ಅಂದಳು ಅವ್ವ. "ಮುಂದಿನೋರ ಹಿಂದೆ ಹೋಗು!"

"ಆಯ್ತು ಕಣವ್ವ!"

ಕಾಲೆತ್ತಿದ, ಎಂಜಿನ್ ಎದ್ದಿತು. ಏಸಿ ತಣ್ಣಗೆ, ಎಂಜಿನ್ನಿನ ಸದ್ದು ಬೆಕ್ಕು ಗುರುಗುಟ್ಟಿದಷ್ಟೇ. ಅವ್ವನಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಎಡಕ್ಕೆ ಕಬ್ಬು, ಬಲಕ್ಕೆ ಕಬ್ಬು, ಮುಂದೆ ಕಬ್ಬಿನ ಟ್ರಾಕ್ಟರು, ಹಿಂದೆ ಎತ್ತಿನ ಗಾಡಿಗಳ ಸಾಲು. ಕಾರು ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆ ಮೇಲೆ ನಿಂತಿತ್ತು!

ಕಿಟಕಿಯಿಂದ ಗುಮಾಸ್ತ ಕೂಗಿದ: "ಹನ್ನೊಂದು ಕ್ವಿಂಟಾಲು ತೊಂಬತ್ತು ಕೆಜಿ! ಕಬ್ಬು ಎಲ್ಲಮ್ಮ?"

"ಕಬ್ಬಿಲ್ಲ ಸ್ವಾಮಿ, ನಾನಿದೀನಿ" ಅಂದಳು ಪಾಪ.

"ನಿನ್ನ ಅರೆದ್ರೆ ಏನ್ ಬರ್ತದಮ್ಮ!"

ಆ ಸಾಲಿಂದ ಈಚೆ ಬರೋಕೆ ಸಂಜೆ ನಾಲ್ಕು. ಹಾಲಿನ ಹೊತ್ತು. ಸಣ್ಣತಾಯಮ್ಮ ಈ ಸಲ ಬೈಯಲೂ ಇಲ್ಲ, ಅತ್ತಳು. ಜವರನ ಕೈ ಎಳೆದು ತಲೆ ಮೇಲೆ ಇಟ್ಟುಕೊಂಡಳು.

"ನನ್ನ ತಲೆ ಮುಟ್ಟಿ ಆಣೆ ಮಾಡು. ಇನ್ನು ಯಾರ ಹಿಂದೇನೂ ಹೋಗ್ಬೇಡ. ಅಕ್ಕನ ಬಾಗಿಲು ಮುಟ್ಟೋವರೆಗೂ ನನ್ನ ಮಾತೂ ಕೇಳ್ಬೇಡ ಕಣ್ಲಾ, ನನ್ನ ಮಾತು ಕೇಳೇ ನೀನು ಹಿಂಗಾದೆ! ಆ ಪರದೆ ಒಳಗೆ ದಾರಿ ಹೇಳ್ತಾಳಲ್ಲ ಒಬ್ಬಳು, ಅವಳು ತಿರುಗು ಅಂದ್ರೆ ತಿರುಗು, ಮುಟ್ಟಿದ್ರಿ ಅಂದ್ರೆ ನಿಲ್ಲು. ಅಕ್ಕನ ಮನೆ ಬಾಗಿಲಿಗೆ ಕರ್ಕಂಡೋಗಿ ಬಿಡು, ಸಾಕು."

"ಆಣೆಗೂ ಕಣವ್ವ!"

ಸೋಮವಾರ ಎಂಟೂವರೆಗೆ ಹೊರಟರು. "ಡೇರಿ ಮುಂದೆ ಹಂಗೇ ಒಂದು ಸುತ್ತು..." ಅನ್ನೋಕೆ ಬಾಯಿ ತೆರೆದಳು, ನುಂಗಿಕೊಂಡಳು. ಅನ್ನಲಿಲ್ಲವಲ್ಲ ಅಂತ ಅವಳಿಗೇ ಅಚ್ಚರಿ. ಅವತ್ತು ಕಾರು ಓಡಿದ್ದೇ ಓಡಿದ್ದು. ದಿಬ್ಬಕ್ಕೆ ಉಸಿರು ಕಟ್ಟಲಿಲ್ಲ, ತಿರುವಲ್ಲಿ ವಾಲಲಿಲ್ಲ, ರಸ್ತೆಯುಬ್ಬಿಗೆ ಹೊಟ್ಟೆ ಉಜ್ಜಲಿಲ್ಲ. ಪರದೆಯವಳು ಎಡಕ್ಕೆ ಅಂದಳು, ಜವರ ಎಡಕ್ಕೆ. ಬಲಕ್ಕೆ ಅಂದಳು, ಬಲಕ್ಕೆ. ಒಂದು ತಪ್ಪಿಲ್ಲ! ಸಣ್ಣತಾಯಮ್ಮ ಮಡಿಲಲ್ಲಿ ಸೀರೆ ಇಟ್ಟುಕೊಂಡು ಹೇಳಬೇಕಾದ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಅಕ್ಕಾ, ತಪ್ಪಾಯ್ತು. ಅಕ್ಕಾ, ಅವ್ವನದು ಅಲ್ಲ, ಆದ್ರೂ ಉಟ್ಕೋ.

ಹತ್ತಕ್ಕೆ ಐದು ನಿಮಿಷ. ಬೇವಿನಕುಪ್ಪೆಯ ಬಸ್‌ಸ್ಟಾಪು ಬಂತು. ಹುಣಸೆಮರದ ಕೆಳಗೆ ಒಂದು ಟ್ರಂಕು, ಟ್ರಂಕಿನ ಮೇಲೆ ಒಬ್ಬಳು ಮುದುಕಿ, ತಲೆ ತುಂಬ ಬಿಳಿ.

"ಅಕ್ಕ! ಜವರಾ, ನಮ್ಮಕ್ಕ! ನಿಲ್ಸು!"

"ಅವಳು ನಿಲ್ಲು ಅಂದಿಲ್ಲ ಕಣವ್ವ."

"ನಾನು ಹೇಳ್ತಿದೀನಲ್ಲೋ!"

"ನಿನ್ನ ಮಾತು ಕೇಳಲ್ಲ ಅಂತ ಆಣೆ ಮಾಡಿವ್ನಿ. ಇನ್ನೂ ಎಂಟ್ನೂರು ಮೀಟರ್ ಅದೆಯಂತೆ."

ಮುದುಕಿ ತಲೆ ಎತ್ತಿ ಕೆಂಪು ಕಾರನ್ನು ನೋಡಿದಳು. ಯಾರದೋ ಅಂದುಕೊಂಡಿರಬೇಕು. ಸಣ್ಣತಾಯಮ್ಮ ಗಾಜು ಇಳಿಸುವ ಗುಂಡಿ ಹುಡುಕಿದಳು, ಅವಸರಕ್ಕೆ ಸಿಕ್ಕಲಿಲ್ಲ. ಗಾಜಿಗೆ ಬಡಿದಳು. ಒಳಗಿನ ಸದ್ದು ಹೊರಗೆ ಕೇಳದಂಥ ಒಳ್ಳೆ ಗಾಡಿ ಅದು.

ಎಂಟುನೂರು ಮೀಟರ್ ಆಯಿತು. ಬೀಗ ಹಾಕಿದ ಬಾಗಿಲ ಮುಂದೆ ಕಾರು ನಿಂತಿತು. "ನೀವು ತಲುಪಿದ್ದೀರಿ" ಅಂದಳು ಪರದೆಯವಳು.

"ನೋಡವ್ವ! ಕರೆಕ್ಟಾಗಿ ಬಾಗಿಲಿಗೇ!" ಜವರನ ಮುಖ ಅರಳಿತು.

ಹಿಂದೆ, ದೂರದಲ್ಲಿ, ಬಸ್ಸು ಹಾರನ್ ಹೊಡೆದು ಹೊರಟ ಸದ್ದು.

"ಬಸ್ಸಿನ ಹಿಂದೆ ಹೋಗೋ! ನನ್ನಪ್ಪಾ, ಬಸ್ಸಿನ ಹಿಂದೆ!"

"ಯಾರ ಹಿಂದೇನೂ ಹೋಗಲ್ಲ ಅಂತ ನಿನ್ನ ತಲೆ ಮುಟ್ಟಿವ್ನಲ್ಲವ್ವ. ನಿಂಗೇನಾರ ಆದ್ರೆ?"

ಅವನ ಕಣ್ಣಲ್ಲಿ ನೀರಿತ್ತು. ಇನ್ನು ಬೈಯೋದು ಯಾರನ್ನ? ಅವನು ಹಿಡಿದ ಒಂದೊಂದೂ ಅವಳೇ ಆಡಿದ ಮಾತಾಗಿತ್ತು. ಇಳಿದು ಅಕ್ಕನ ಜಗಲಿ ಮೇಲೆ ಕುಸಿದಳು.

"ಹೋದ್ಲು. ಇನ್ನು ಈ ಸೀರೆ ಯಾರಿಗ್ ಕೊಡ್ಲಿ? ತಗೋ, ಈ ಬಾಗಿಲಿಗೇ ಉಡ್ಸು!"

"ಆಯ್ತು ಕಣವ್ವ" ಅಂದ ಜವರ.

ಪೊಟ್ಟಣ ಬಿಚ್ಚಿದ. ಚಿಲಕಕ್ಕೆ ಸಿಕ್ಕಿಸಿ ಸುತ್ತಿದ. ಹಬ್ಬದಲ್ಲಿ ಅವ್ವ ಉಡುವುದನ್ನು ನೋಡಿದ್ದನಲ್ಲ, ಹಂಗೇ ಒಂದೊಂದಾಗಿ ನಿರಿಗೆ ಹಿಡಿದು ಮಡಿಸಿದ. ಕೆಂಪಂಚಿನ ಸೆರಗನ್ನು ಬೀಗದ ಮೇಲಿಂದ ತಂದು ಬಾಗಿಲ ಹೆಗಲಿಗೆ ಹೊದಿಸಿದ. ಹಿಂದೆ ಸರಿದು ನೋಡಿದ.

"ಚೆನ್ನಾಗೈತಾ ಅವ್ವ?"

ಸಣ್ಣತಾಯಮ್ಮ ಜಗಲಿಯಿಂದ ಎದ್ದಳು. ಹತ್ತಿರ ಹೋಗಿ, ಸೆರಗು ಸರಿ ಮಾಡಿ, "ಅಕ್ಕಾ, ತಪ್ಪಾಯ್ತು" ಅಂದಳು. ತಿರುಗಿ ಬಂದು ಕಾರಲ್ಲಿ ಕೂತಳು.

ಸೀರೆ ಬಿಚ್ಚು ಅಂತ ಅವಳು ಹೇಳಲಿಲ್ಲ. ಹೇಳಲಿಲ್ಲವಲ್ಲ, ಜವರ ಬಿಚ್ಚಲೂ ಇಲ್ಲ.