ಕೈ ತೆಗೆಯದ ನರ್ಸ್

"ಟೀಚರ್, ಕೊಟ್ಟ ನಾಲ್ಕು ಉತ್ತರಗಳೂ ಸರಿಯಾಗಿದ್ದರೆ ಯಾವುದನ್ನು ಆರಿಸಬೇಕು?" ಎಂದು ಮುಬೀನಾ ಕೇಳಿದಳು.

ಅವಳು ಗದಗಿನ ಒಂದು ನರ್ಸಿಂಗ್ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಪರವಾನಗಿ ಪರೀಕ್ಷೆ ಹತ್ತಿರ ಬಂದಿತ್ತು. ಅವಳ ಗುರು ದಯಾವತಿ ಹೊಸಮನಿ ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದು, ಆಮೇಲೆ ಪಾಠ ಹೇಳಲು ಬಂದವರು.

ಮುಬೀನಾ ಮುಂದುವರಿಸಿದಳು. "ತಪ್ಪು ಉತ್ತರವಾದರೆ ನನಗೆ ತಿಳಿಯುತ್ತದೆ. ಆದರೆ ಇಲ್ಲಿ ನಾಲ್ಕೂ ಮಾಡಬೇಕಾದ ಕೆಲಸಗಳೇ. ನರ್ಸ್ ಮೊದಲು ಏನು ಮಾಡಬೇಕು ಎಂದು ಕೇಳುತ್ತಾರೆ. ಅಲ್ಲಿಗೆ ಬಂದಾಗ ನನ್ನ ತಲೆ ಓಡುವುದಿಲ್ಲ."

ದಯಾವತಿಯವರು ಅವಳನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಇಂದುಮತಿ ಎಂಬ ಒಬ್ಬ ನರ್ಸ್ ಇದ್ದಳು. ಓದು ಮುಗಿಸಿ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿ ನೀಲವ್ವ ಎಂಬವಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ತೂಕ ಚೆನ್ನಾಗಿತ್ತು, ಅಳುವೂ ಜೋರಾಗಿತ್ತು. ಮಾಸು ಪೂರ್ತಿಯಾಗಿ ಬಿದ್ದಿತ್ತು. ವೈದ್ಯೆ ಎಲ್ಲವನ್ನೂ ನೋಡಿ, ಬಾಣಂತಿಯನ್ನು ವಾರ್ಡಿಗೆ ಕಳಿಸಿ, ಇನ್ನೊಬ್ಬಳ ಶಸ್ತ್ರಚಿಕಿತ್ಸೆಗೆಂದು ಥಿಯೇಟರಿಗೆ ಹೋದರು.

ನೀಲವ್ವಳ ಅತ್ತೆ ಫಕೀರವ್ವ ಮೊಮ್ಮಗಳನ್ನು ಎತ್ತಿಕೊಂಡು ಕಿಟಕಿಯ ಬಳಿ ಕುಳಿತಿದ್ದಳು. ಮನೆಯಲ್ಲಿ ಎರಡು ತಲೆಮಾರಿನಿಂದ ಹೆಣ್ಣು ಹುಟ್ಟಿರಲಿಲ್ಲ. ಬಂದವರಿಗೆಲ್ಲ ಅವಳು ಕೂಸಿನ ಮುಖ ತೋರಿಸುತ್ತಿದ್ದಳು. ಬಂದವರೂ ಕೂಸನ್ನೇ ನೋಡಿ ಹೋಗುತ್ತಿದ್ದರು.

ಇಂದುಮತಿ ಬಾಣಂತಿಯನ್ನು ನೋಡಲು ಬಂದಳು. ನೀಲವ್ವ ಕಣ್ಣು ಅರೆ ಮುಚ್ಚಿ ಮಲಗಿದ್ದಳು. "ಹೇಗಿದ್ದೀರಿ?" ಎಂದು ಕೇಳಿದಾಗ, "ಆರಾಮ ಅದೀನ್ರಿ. ನೀರಡಿಕೆ ಆಗೈತಿ," ಎಂದಳು. ಆಕಳಿಸಿದಳು. ಕಾಲನ್ನು ಆಚೆ ಈಚೆ ಸರಿಸಿದಳು.

ಇಂದುಮತಿ ರಕ್ತದೊತ್ತಡ ನೋಡಿದಳು. ಸರಿಯಾಗಿಯೇ ಇತ್ತು. ಮೇಲಿನಿಂದ ಪ್ಯಾಡು ನೋಡಿದಳು. ಒದ್ದೆಯಾಗಿತ್ತು, ಆದರೆ ತೀರಾ ಹೆಚ್ಚೆನ್ನುವಂತಿರಲಿಲ್ಲ. ಅಲ್ಲಿಗೆ ಬಿಟ್ಟು ಮುಂದಿನ ಹಾಸಿಗೆಗೆ ಹೋಗಬಹುದಿತ್ತು. ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಆದರೆ ಹೆತ್ತು ದಣಿದವಳು ನಿದ್ದೆ ಹೋಗುತ್ತಾಳೆ. ಇವಳು ನಿದ್ದೆ ಹೋಗುತ್ತಿರಲಿಲ್ಲ, ಹೊರಳಾಡುತ್ತಿದ್ದಳು. ಇಂದುಮತಿ ನಾಡಿ ಹಿಡಿದಳು. ನಾಡಿ ತೆಳುವಾಗಿ ಓಡುತ್ತಿತ್ತು. ಅವಳು ನೀಲವ್ವಳನ್ನು ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನ ಕೆಳಗೆ ಕೈ ಹಾಕಿದಳು. ರಕ್ತ ಹರಿದು ಅಲ್ಲಿ ಮಡುಗಟ್ಟಿತ್ತು.

ಆಗ ಅವಳ ಮುಂದೆ ನಾಲ್ಕು ಕೆಲಸಗಳು ಒಟ್ಟಿಗೆ ಬಂದು ನಿಂತವು. ವೈದ್ಯೆಯನ್ನು ಕರೆಯಬೇಕು. ಸಲೈನ್ ಹಾಕಬೇಕು. ಮತ್ತೊಮ್ಮೆ ರಕ್ತದೊತ್ತಡ ನೋಡಬೇಕು. ಗರ್ಭಕೋಶವನ್ನು ತಿಕ್ಕಿ ಗಟ್ಟಿಮಾಡಬೇಕು. ನಾಲ್ಕೂ ಸರಿ. ನಾಲ್ಕನ್ನೂ ಅವಳು ಓದಿದ್ದಳು. ಅವಳ ಕಾಲು ಬಾಗಿಲ ಕಡೆ ತಿರುಗಿತು. ಥಿಯೇಟರು ಅಂಗಳದಾಚೆ ಇತ್ತು. ಓಡಿ ಹೋಗಿ ಓಡಿ ಬರುವುದರಲ್ಲಿ ಇವಳ ಮೈಯಿಂದ ಇನ್ನೆಷ್ಟು ರಕ್ತ ಹೋಗುತ್ತದೆ ಎಂಬ ಯೋಚನೆ ಬಂತು. ಕಾಲು ನಿಂತಿತು.

ಅವಳು ಹೊಟ್ಟೆಯ ಮೇಲೆ ಕೈ ಇಟ್ಟಳು. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿದು ಗಟ್ಟಿಯಾಗಿರಬೇಕು. ಹಾಗೆ ಬಿಗಿದಾಗಲೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಅವಳ ಕೈಗೆ ಸಿಕ್ಕಿದ್ದು ನಾದಿದ ಹಿಟ್ಟಿನಂತೆ ಮೆತ್ತಗಿತ್ತು.

ಒಂದು ಕೈಯನ್ನು ಕಿಬ್ಬೊಟ್ಟೆಗೆ ಆನಿಸಿ, ಇನ್ನೊಂದು ಕೈಯಿಂದ ಅವಳು ಗರ್ಭಕೋಶವನ್ನು ತಿಕ್ಕತೊಡಗಿದಳು. ತಿಕ್ಕುತ್ತಲೇ ಕೂಗಿ ಕರೆದಳು. ಆಯಾ ಬಂದಳು. "ಥಿಯೇಟರಿಗೆ ಹೋಗಿ ಡಾಕ್ಟರಿಗೆ ಹೇಳಿ, ನೀಲವ್ವನಿಗೆ ರಕ್ತ ಹೋಗುತ್ತಿದೆ, ಗರ್ಭಕೋಶ ಮೆತ್ತಗಾಗಿದೆ ಅಂತ. ಇಷ್ಟೇ ಹೇಳಿ, ಮರೆಯಬೇಡಿ." ಆಯಾ ಓಡಿದಳು. ಪಕ್ಕದ ವಾರ್ಡಿನ ನರ್ಸ್ ಬಂದು ಸಲೈನ್ ಹಾಕಿದಳು, ಆಮ್ಲಜನಕದ ಮಾಸ್ಕ್ ತೊಡಿಸಿದಳು, ಕಾಲುಗಳನ್ನು ಎತ್ತರಿಸಿ ಕಂಬಳಿ ಹೊದಿಸಿದಳು. ಇಂದುಮತಿ ಮಾತ್ರ ಕೈ ತೆಗೆಯಲಿಲ್ಲ.

ನೀಲವ್ವ ನೋವಿನಿಂದ ನರಳಿದಳು. ಫಕೀರವ್ವ ಕೂಸನ್ನು ಎದೆಗವಚಿಕೊಂಡು ಎದ್ದು ಬಂದಳು.

"ಬಿಡವ್ವಾ, ಹೆತ್ತ ಹೊಟ್ಟಿ ಅದು. ಹಿಂಗ ಹಿಚುಕ್ತಾರೇನು? ಸ್ವಲ್ಪ ಮಲಗಲಿ ಆಕಿ."

"ಅಮ್ಮಾ, ನೋಯುತ್ತದೆ, ನನಗೂ ಗೊತ್ತು," ಎಂದಳು ಇಂದುಮತಿ. "ಈಗ ಇವರು ಮಲಗಿದರೆ ಏಳುವುದು ಕಷ್ಟ. ಬಟ್ಟೆಯ ಕೆಳಗೆ ನೀವೇ ನೋಡಿ."

ಫಕೀರವ್ವ ನೋಡಿದಳು. ಅವಳ ಮುಖ ಬಿಳಿಚಿತು. ಕೂಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಹಿಂದೆ ಸರಿದಳು.

ಅಷ್ಟರಲ್ಲಿ ಕೈಕೆಳಗೆ ಗರ್ಭಕೋಶ ಗಟ್ಟಿಯಾಯಿತು. ಇಂದುಮತಿಗೆ ಉಸಿರು ಬಂದಂತಾಯಿತು. ಅವಳು ಒತ್ತಡ ಸಡಿಲಿಸಿದಳು. ಸಡಿಲಿಸಿದ ಕೂಡಲೇ ಅದು ಮತ್ತೆ ಮೆತ್ತಗಾಯಿತು. ಮತ್ತೆ ತಿಕ್ಕಿದಳು. ಮತ್ತೆ ಗಟ್ಟಿಯಾಯಿತು, ಮತ್ತೆ ಸಡಿಲವಾಯಿತು.

ಇಲ್ಲಿ ಹೆದರುವವರು ಇನ್ನೂ ಜೋರಾಗಿ ತಿಕ್ಕುತ್ತಾರೆ. ಇಂದುಮತಿ ಹೆದರಿದ್ದಳು ನಿಜ, ಅವಳ ರವಿಕೆ ಬೆವರಿನಿಂದ ತೊಯ್ದಿತ್ತು. ಆದರೂ ಗಟ್ಟಿಯಾದದ್ದು ಯಾಕೆ ನಿಲ್ಲುತ್ತಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರವನ್ನು ಬೆರಳುಗಳಿಂದ ಹುಡುಕಿದಳು. ಗರ್ಭಕೋಶ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹೊಕ್ಕುಳಿಗಿಂತ ಮೇಲೆ ಹೋಗಿ ಬಲಕ್ಕೆ ವಾಲಿತ್ತು. ಅದರ ಕೆಳಗೆ ಇನ್ನೊಂದು ಉಬ್ಬು ಸಿಕ್ಕಿತು.

"ಹೆರಿಗೆಯಾದ ಮೇಲೆ ಮೂತ್ರಕ್ಕೆ ಹೋಗಿದ್ದಿರಾ?" ಎಂದು ಅವಳು ನೀಲವ್ವಳ ಕಿವಿಯ ಹತ್ತಿರ ಬಾಗಿ ಕೇಳಿದಳು.

ನೀಲವ್ವ ಇಲ್ಲವೆಂದು ತಲೆಯಾಡಿಸಿದಳು.

ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ, ಬಿಗಿಯಲು ಬಿಡುತ್ತಿರಲಿಲ್ಲ. ಜೊತೆಯ ನರ್ಸ್ ಕೊಳವೆ ಹಾಕಿ ಮೂತ್ರ ತೆಗೆದಳು. ಕೊಳವೆಯ ತುದಿಯ ಚೀಲ ತುಂಬುತ್ತ ಬಂದಂತೆ ಇಂದುಮತಿಯ ಕೈಕೆಳಗೆ ಗರ್ಭಕೋಶ ಇಳಿಯಿತು, ನಡುವಿಗೆ ಬಂತು, ಬಿಗಿಯಿತು. ಅವಳು ಕೈ ಹಗುರಮಾಡಿದಳು. ಈ ಸಲ ಅದು ಸಡಿಲವಾಗಲಿಲ್ಲ.

ವೈದ್ಯೆ ತಮ್ಮ ಕೆಲಸವನ್ನು ಜೊತೆಯ ವೈದ್ಯರಿಗೆ ಒಪ್ಪಿಸಿ ಬಂದರು. ಗರ್ಭಕೋಶ ಬಿಗಿಯುವ ಇಂಜೆಕ್ಷನ್ ಕೊಡಿಸಿದರು. ಒಳಗೆ ಮಾಸಿನ ಚೂರು ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ ಎಂದು ನೋಡಿದರು. ಏನೂ ಇರಲಿಲ್ಲ. ಹೋದ ರಕ್ತಕ್ಕೆ ಬದಲಾಗಿ ರಕ್ತ ತರಿಸಿದರು. ಎಲ್ಲ ಆದ ಮೇಲೆ ಇಂದುಮತಿಯ ಕೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟು, "ಕಲ್ಲಿನ ಹಾಗಿದೆ. ಇನ್ನು ನೀನು ಕೈ ತೆಗೆಯಬಹುದು," ಎಂದರು.

ಅವಳು ಕೈ ತೆಗೆದಳು. ಬೆರಳುಗಳು ಮರಗಟ್ಟಿದ್ದವು, ಮಡಚಲು ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀಲವ್ವಳ ತುಟಿಗೆ ಬಣ್ಣ ಬಂತು. ನಾಡಿ ನಿಧಾನವಾಯಿತು. ಇಂದುಮತಿ ಕೂಸನ್ನು ತಂದು ತಾಯಿಯ ಮೊಲೆಗೆ ಹಿಡಿಸಿದಳು. ಕೂಸು ಹಾಲು ಕುಡಿದಷ್ಟೂ ಗರ್ಭಕೋಶ ಬಿಗಿಯುತ್ತದೆ ಎಂದು ಫಕೀರವ್ವಳಿಗೆ ತಿಳಿಸಿದಳು. ನೀಲವ್ವಳ ಕೈ ಹಿಡಿದು ಅವಳದೇ ಹೊಟ್ಟೆಯ ಮೇಲೆ ಇಟ್ಟು, "ಇದು ಹೀಗೇ ಗಟ್ಟಿಯಾಗಿರಬೇಕು. ಮೆತ್ತಗಾಯಿತು ಅನ್ನಿಸಿದರೆ, ಮತ್ತೆ ರಕ್ತ ಹೆಚ್ಚಾದರೆ, ನಾಚದೆ ಕರೆಯಿರಿ," ಎಂದಳು.

ನೀಲವ್ವ ಒತ್ತಿ ನೋಡಿದಳು. "ಗಟ್ಟಿ ಐತ್ರಿ," ಎಂದು ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ನೆಂಟರು ಮತ್ತೆ ಗುಂಪಾಗಿ ಬಂದರು. ಕೂಸನ್ನು ತೋರಿಸೆಂದು ಕೇಳಿದರು. ಫಕೀರವ್ವ ಬಾಗಿಲಲ್ಲಿ ಅವರನ್ನು ತಡೆದಳು. "ಕೂಸಿನ್ನ ಆಮ್ಯಾಲೆ ನೋಡೀರಂತ. ಮೊದಲ ನನ್ನ ಸೊಸೀನ ಮಾತಾಡಸ್ರಿ," ಎಂದಳು. ಅವರು ಒಬ್ಬೊಬ್ಬರಾಗಿ ಒಳಗೆ ಹೋಗಿ ನೀಲವ್ವಳನ್ನು ಮಾತಾಡಿಸಿದರು. ಕೆಲವು ದಿನಗಳ ನಂತರ ನೀಲವ್ವ ಮಗಳನ್ನು ತಾನೇ ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದು ಊರಿಗೆ ಹೋದಳು. ಇಂದುಮತಿ ವರಾಂಡದಲ್ಲಿ ನಿಂತು, ಅವಳು ಗೇಟು ದಾಟುವವರೆಗೂ ನೋಡಿದಳು. ತಾನು ಮಾಡಿದ ಕೆಲಸದಿಂದ ತಲೆ ಎತ್ತಿ ನಡೆಯುವುದು ಎಂದರೇನೆಂದು ಇಂದುಮತಿಗೆ ಆ ದಿನ ತಿಳಿಯಿತು.

ದಯಾವತಿಯವರು ಕತೆ ನಿಲ್ಲಿಸಿದರು.

ಮುಬೀನಾಳ ಕಣ್ಣುಗಳು ಹೊಳೆಯುತ್ತಿದ್ದವು. "ತಿಳಿಯಿತು, ಟೀಚರ್," ಎಂದಳು. "ಮೊದಲು ಕೈ ಇಡಬೇಕು, ಆಮೇಲೆ ಕರೆಯಬೇಕು. ಯಾವ ಪ್ರಶ್ನೆ ಬಂದರೂ ಹೀಗೆಯೇ ಉತ್ತರ ಬರೆಯುತ್ತೇನೆ."

ದಯಾವತಿಯವರು ಹೇಳಿದರು: "ಮುಂದಿನ ಹಾಸಿಗೆಯಲ್ಲಿ ಮಲಗಿರುವವಳು ನೀಲವ್ವ ಅಲ್ಲ."

ಮುಬೀನಾ ಪ್ರಶ್ನೆಗಳನ್ನು ಮತ್ತೆ ತೆರೆದು, ಈ ಸಲ ನಾಲ್ಕು ಉತ್ತರಗಳನ್ನು ಬಿಟ್ಟು, ರೋಗಿಗೆ ಏನಾಗಿದೆ ಎಂಬುದನ್ನು ಮೊದಲು ಓದಿದಳು.