ಎಂಟು ಮನೆಯ ಟೀ

"ಅಲ್ಲ ಬುದ್ಧಿ, ಮುಖ ಯಾಕೆ ಹಿಂಗಿದೆ ಅಂತ ಕೇಳಿದ್ರೆ, ಇನ್ನು ಹೆಂಗಿರಬೇಕು ಹೇಳಿ. ಚಂದಾ ಕೇಳೋಕೆ ದಿನಾ ನಾಲ್ಕು ಜನ ಅಂಗಡಿ ಮುಂದೆ ನಿಂತಿರ್ತಾರೆ. ನಾನಾಗಿ ಕೊಡ್ತೀನಿ ಅಂತ ಕೂತ್ರೆ, ಇಸ್ಕೊಳ್ಳೋಕೆ ಅರ್ಹರು ಒಬ್ಬರೂ ಸಿಗ್ತಿಲ್ಲ. ಎರಡು ವರ್ಷ ಆಯ್ತು. ಅರ್ಹರನ್ನ ಕಂಡುಹಿಡಿಯೋದು ಹೆಂಗೆ, ಅದನ್ನ ಮೊದಲು ಹೇಳಿ."

ಪಾಲಾಕ್ಷಪ್ಪ ಹೀಗೆ ಗೊಣಗುತ್ತಲೇ ಮಠದ ಜಗಲಿ ಹತ್ತಿ ಕೂತ. ಅವನದು ಪೇಟೆಯಲ್ಲಿ ಪೇಂಟಿನ ಅಂಗಡಿ. ಗೋಡೆಗೆ ಎರಡು ಕೈ ಬಣ್ಣ ಸಾಕು ಅಂದವರಿಗೂ ಮೂರು ಕೈ ಹೊಡೆಸುವ ಮನುಷ್ಯ. ಹಿಡಿದ ಕೆಲಸ ಬಿಡುವವನಲ್ಲ.

ಸ್ವಾಮಿಗಳು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಆ ಮಠದಲ್ಲಿ ಪ್ರಶ್ನೆ ತಂದವರು ಕೈ ಕಟ್ಟಿಕೊಂಡು ಕೂರುವ ಹಾಗಿಲ್ಲ. ಅವರೆ ಕಾಲದಲ್ಲಿ ಬಂದರೆ ಅವರೆ, ಹುಣಸೆ ಕಾಲದಲ್ಲಿ ಬಂದರೆ ಹುಣಸೆ. ದೊಡ್ಡ ಪ್ರಶ್ನೆ ಇದ್ದವರು ಆದಷ್ಟು ಕರಿಬೇವು ಬಿಡಿಸುವ ದಿನ ನೋಡಿಕೊಂಡು ಬರುತ್ತಿದ್ದರು. ಪಾಲಾಕ್ಷಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸ್ವಾಮಿಗಳು ಪಾತ್ರೆಯನ್ನು ಅವನ ಕಡೆ ತಳ್ಳಿದರು. ಅವನು ಹಿತುಕಿದ ಮೊದಲ ಕಾಳು ಹಾರಿ ಅವನ ಕನ್ನಡಕಕ್ಕೇ ಬಡಿಯಿತು.

ವಿಷಯ ಇಷ್ಟು. ಅವನ ಮಕ್ಕಳಿಬ್ಬರೂ ಓದಿದ್ದು ಊರಿನ ಒಂದು ಖಾಸಗಿ ಶಾಲೆಯಲ್ಲಿ. ತೀರಿಕೊಂಡ ತಾಯಿಯ ಹೆಸರಿನಲ್ಲಿ ಅಲ್ಲೊಂದು ವಿದ್ಯಾರ್ಥಿವೇತನ ನಿಧಿ ಇಟ್ಟ. ಫೀಸು ಕಟ್ಟಲಾಗದ, ಚೆನ್ನಾಗಿ ಓದುವ ಮಕ್ಕಳಿಗೆ ಅಂತ. ಅದರ ಜೊತೆಗೆ ಹನ್ನೊಂದು ಪ್ರಶ್ನೆಗಳ ಒಂದು ಫಾರಂ ಮಾಡಿದ. ಫಾರಂ ತುಂಬಿದ ಮೇಲೆ ತಾನೇ ಮನೆಗೆ ಹೋಗಿ ನೋಡುತ್ತೇನೆ ಅಂದ. ಎರಡು ವರ್ಷದಲ್ಲಿ ಹದಿನಾಲ್ಕು ಅರ್ಜಿ ಬಂದವು. ಹದಿನಾಲ್ಕು ಮನೆಗೂ ಹೋದ. ಒಂದು ಮನೆಯಲ್ಲಿ ಗೋಡೆ ಗಡಿಯಾರ ದೊಡ್ಡದಿತ್ತು. ಒಂದು ಮನೆಯಲ್ಲಿ ನಾಯಿ ಮೈ ಕೈ ತುಂಬಿಕೊಂಡಿತ್ತು. ಹದಿನಾಲ್ಕೂ ವಾಪಸ್ಸಾದವು.

ಈಗ ಹದಿನೈದನೆಯದು. ಹೇಮಾವತಿ ಅಂತ, ಏಳನೇ ಕ್ಲಾಸಿನ ಹುಡುಗಿ. ತಂದೆ ಇಲ್ಲ. ತಾಯಿ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ಎರಡನೇ ಕಂತಿನ ಫೀಸು ಕಟ್ಟಲು ಇವತ್ತು ಸಂಜೆ ಐದು ಗಂಟೆಯೇ ಕಡೆ. ತಪ್ಪಿದರೆ ಟಿ.ಸಿ. ಕೈಗೆ ಕೊಟ್ಟು ಕಳಿಸುತ್ತಾರೆ.

"ಮತ್ತೆ ಕೊಡೋದಕ್ಕೇನಪ್ಪ?" ಅಂದರು ಸ್ವಾಮಿಗಳು.

"ನಿನ್ನೆ ಮನೆಗೆ ಹೋಗಿದ್ದೆ ಬುದ್ಧಿ. ಏನು ಕೊಟ್ರು ಗೊತ್ತಾ ಕುಡಿಯೋಕೆ? ಬಾದಾಮಿ ಹಾಲು! ಮೇಲೆ ಕೇಸರಿ ಬೇರೆ. ಬಡತನ ಅಂತ ಅರ್ಜಿ, ಮನೇಲಿ ಬಾದಾಮಿ ಹಾಲು. ಯಾವ ಲೆಕ್ಕ ಇದು?"

"ಕುಡಿದೆಯಾ?"

"ಬೇಡ ಅನ್ನೋಕಾಗತ್ತಾ? ಕುಡಿದೆ." ಪಾಲಾಕ್ಷಪ್ಪ ಒಂದು ಕಾಳು ಹಿತುಕಿದ. "ಎರಡು ಲೋಟ."

ಸ್ವಾಮಿಗಳು ನಗಲಿಲ್ಲ. ಕೈ ನಿಲ್ಲಿಸದೆ ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬ ವ್ಯಾಪಾರಿ. ಒಂದು ಮಗುವನ್ನ ಒಳ್ಳೆ ಖಾಸಗಿ ಶಾಲೆಯಲ್ಲಿ ಕೊನೆತನಕ ಓದಿಸಬೇಕು ಅಂತ ಅವನಿಗೆ ಆಸೆ. ಆದರೆ ಅರ್ಹವಾದ ಮಗುವೇ ಆಗಬೇಕು ಅಂತ ಹಠ. ಶಾಲೆಯವರು ಎಂಟು ಮಕ್ಕಳ ಹೆಸರು ಕೊಟ್ಟರು. ಎಂಟೂ ಒಂದೇ ಓಣಿಯ ಮಕ್ಕಳು. ನೀವೇ ಒಬ್ಬರನ್ನ ಆರಿಸಿ ಅಂದರೆ ಶಾಲೆಯವರು ಆರಿಸುತ್ತಿದ್ದರು. ವ್ಯಾಪಾರಿ ಒಪ್ಪಲಿಲ್ಲ. ಹೇಳದೆ ಕೇಳದೆ ಹೋಗಿ ಮನೆಯೊಳಗೆ ಕೂತು ನೋಡಿದರೆ ತಾನೇ ನಿಜ ಗೊತ್ತಾಗೋದು ಅಂತ, ಒಂದು ಭಾನುವಾರ ಹೊರಟ. ಅವನ ಸ್ಕೂಟರಿನ ಸೈಲೆನ್ಸರ್ ಒಡೆದಿತ್ತು. ಅವನು ಓಣಿ ಮುಟ್ಟುವ ಹೊತ್ತಿಗೆ ಎಂಟು ಮನೆಯವರೂ ತಲೆ ಬಾಚಿಕೊಂಡಿದ್ದರು.

ಮೊದಲನೇ ಮನೆಯಲ್ಲಿ ಕೂರೋಕೆ ಕುರ್ಚಿ ಹಾಕಿದರು. ಬೆತ್ತದ ಕುರ್ಚಿ, ಮೇಲೊಂದು ಕೆಂಪು ದಿಂಬು. ಸ್ವಲ್ಪ ಹೊತ್ತಿಗೆ ಟೀ ಬಂತು. ಪಿಂಗಾಣಿ ಕಪ್ಪು. ಅಂಚಿಗೆ ಚಿನ್ನದ ಗೆರೆ, ಹೊಟ್ಟೆ ಮೇಲೆ ಒಂದು ನವಿಲು. ವ್ಯಾಪಾರಿ ಟೀ ಕುಡಿದ. ಹೊರಗೆ ಬಂದು ಚೀಟಿ ತೆಗೆದು ಬರೆದ: "ಪಿಂಗಾಣಿ ಉಂಟು. ಬಡವರಲ್ಲ." ಆ ಹೆಸರಿಗೆ ಗೆರೆ ಎಳೆದ.

ಎರಡನೇ ಮನೆಯಲ್ಲೂ ಬೆತ್ತದ ಕುರ್ಚಿ, ಕೆಂಪು ದಿಂಬು, ನವಿಲಿನ ಕಪ್ಪು. ಗೆರೆ ಎಳೆದ. ಮೂರನೇ ಮನೆಯಲ್ಲೂ ಅದೇ. ಟೀ ಬರೋದು ಮಾತ್ರ ತಡವಾಗುತ್ತಿತ್ತು. ಒಳಗೆ ಹಿತ್ತಿಲ ಬಾಗಿಲು ತೆಗೆದ ಸದ್ದು, ಯಾರೋ ಓಡಿದ ಸದ್ದು, ಪಾತ್ರೆ ತೊಳೆದ ಸದ್ದು, ಆಮೇಲೆ ಟೀ. ವ್ಯಾಪಾರಿ ಅದನ್ನೂ ಬರೆದುಕೊಂಡ: "ಈ ಓಣಿಯವರು ನಿಧಾನ."

ನಾಲ್ಕನೇ ಮನೆಯಿಂದ ಹೊರಗೆ ಬಂದಾಗ ಅವನಿಗೆ ಛತ್ರಿಯ ನೆನಪಾಯಿತು. ಮೊದಲನೇ ಮನೆಯಲ್ಲೇ ಬಿಟ್ಟಿದ್ದ. ತಿರುಗಿ ಹೋದ. ಆ ಮನೆಯವರು, ಬಂದವರನ್ನ ಹಂಗೇ ಕಳಿಸಬಾರದು ಅಂತ, ಮತ್ತೆ ಟೀ ಕೊಟ್ಟರು. ಈ ಸಲ ಸ್ಟೀಲ್ ಲೋಟದಲ್ಲಿ. ಕೂರೋಕೆ ಕುರ್ಚಿಯೂ ಇರಲಿಲ್ಲ, ಚಾಪೆ ಹಾಸಿದರು. ವ್ಯಾಪಾರಿಗೆ ಬೇಜಾರಾಯಿತು. ಚೀಟಿಯಲ್ಲಿ ಆ ಹೆಸರಿಗೆ ಇನ್ನೊಂದು ಗೆರೆ ಎಳೆದು ಬರೆದ: "ಕುರ್ಚಿ ಇದ್ದೂ ಚಾಪೆ ಹಾಕಿದರು. ಕೆಲಸ ಆದಮೇಲೆ ಮರ್ಯಾದೆ ಇಲ್ಲ."

"ಪೆದ್ದ," ಅಂದ ಪಾಲಾಕ್ಷಪ್ಪ. ಅವನಿಗೆ ತಡೆಯಲಾಗಲಿಲ್ಲ. "ಅಷ್ಟೂ ಗೊತ್ತಾಗಲ್ವಾ ಬುದ್ಧಿ ಅವನಿಗೆ?"

"ಗೊತ್ತಾಗಲಿಲ್ಲವಂತೆ," ಅಂದರು ಸ್ವಾಮಿಗಳು. "ಮುಂದೆ ಕೇಳು. ಕೈ ನಿಂತಿದೆ."

ಪಾಲಾಕ್ಷಪ್ಪ ಅವಸರದಲ್ಲಿ ಕಾಳಿಗೆ ಕೈ ಹಾಕಿದ.

ಐದಾಯಿತು, ಆರಾಯಿತು. ಏಳನೇ ಮನೆಯಲ್ಲಿ ಕುರ್ಚಿಗಿಂತ ಮೊದಲು ಕಪ್ಪು ಬಂದುಬಿಟ್ಟಿತು. ವ್ಯಾಪಾರಿ ನಿಂತೇ ಕುಡಿದ. ಕುಡಿದು ಮುಗಿಸುವ ಹೊತ್ತಿಗೆ ಕುರ್ಚಿ ಬಂತು, ಕೂತು ಎದ್ದ. ಅವನು ಹಿಡಿದ ಹಠ ಬಿಡಲಿಲ್ಲ. ಹೊಟ್ಟೆಯಲ್ಲಿ ಎಂಟು ಟೀ ಇತ್ತು, ತಲೆಯಲ್ಲಿ ಕೋಪ ಇತ್ತು. ಊರಿಗೆಲ್ಲ ನವಿಲಿನ ಕಪ್ಪು ಹಂಚಿದಂಗಿದೆ, ಇವರನ್ನ ಯಾರು ಬಡವರು ಅಂದವರು ಅಂತ ಬೈಕೊಳ್ಳುತ್ತ ಎಂಟನೇ ಮನೆಗೆ ಹೋದ.

ಅಲ್ಲಿ ಒಂದು ಹುಡುಗಿ ಟೀ ತಂದುಕೊಟ್ಟಳು. ಅಷ್ಟು ಟೀ ಕುಡಿದವನ ಕೈ ನಡುಗದೆ ಇರುತ್ತಾ? ಕಪ್ಪು ಜಾರಿ ನೆಲಕ್ಕೆ ಬಿತ್ತು. ನವಿಲು ಮೂರು ಚೂರಾಯಿತು.

ಆ ಕ್ಷಣಕ್ಕೆ ಕಿಟಕಿಯ ಆಚೆಯಿಂದ ಏಳು ಹೆಂಗಸರು ಒಟ್ಟಿಗೆ "ಅಯ್ಯಯ್ಯೋ!" ಅಂದರು.

ವ್ಯಾಪಾರಿ ಒಳ್ಳೆಯವನೇ. ಹುಡುಗಿಯ ಮುಖ ನೋಡಿ ಸಮಾಧಾನ ಹೇಳಿದ. "ಹೋಗ್ಲಿ ಬಿಡಮ್ಮ. ಒಂದು ಕಪ್ಪು ತಾನೇ? ನಿಮ್ಮ ಓಣೀಲಿ ಇನ್ನೂ ಏಳಿವೆಯಲ್ಲ."

ಕಿಟಕಿಯ ಆಚೆ ಯಾರೋ ಒಬ್ಬಳು ನಕ್ಕಳು. ಹುಡುಗಿ ಕೂತು ಚೂರು ಆರಿಸುತ್ತ ಹೇಳಿದಳು, "ಇದ್ದಿದ್ದು ಇದೊಂದೇ ಸರ್. ಲೆಕ್ಕದಲ್ಲಿ ಫಸ್ಟ್ ಬಂದೆ ಅಂತ ಶಾಲೇಲಿ ಕೊಟ್ಟಿದ್ರು."

ವ್ಯಾಪಾರಿ ಚೀಟಿ ನೋಡಿದ. ಏಳು ಹೆಸರು, ಎಂಟು ಗೆರೆ. ಚೀಟಿ ಮಡಚಿ ಕೇಳಿದ, "ಅಲ್ಲಮ್ಮ, ಅವರ ಮನೆ ಮಕ್ಕಳೂ ಇದೇ ಒಂದು ಸೀಟಿಗೆ ನಿಂತವರಲ್ವಾ? ನಿನ್ನ ಕಪ್ಪು ಅವರಿಗೆಲ್ಲ ಯಾಕೆ ಕೊಟ್ಟೆ?"

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವು ಬಂದಿದ್ದು ನಮ್ಮ ಓಣಿಗಲ್ವಾ ಸರ್?" ಅಂದಳು.

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿ ಸಿಪ್ಪೆ ಒಂದು ಕಡೆ ಗುಡ್ಡೆ ಮಾಡತೊಡಗಿದರು.

ಪಾಲಾಕ್ಷಪ್ಪ ಕಾದ. ಮುಂದೆ ಏನೂ ಬರಲಿಲ್ಲ. "ಆಮೇಲೆ ಬುದ್ಧಿ? ಆ ಎಂಟರಲ್ಲಿ ಅರ್ಹರು ಯಾರು ಅಂತ ತೀರ್ಮಾನ ಮಾಡಿದ?"

ಸ್ವಾಮಿಗಳು ತಲೆ ಎತ್ತಿದರು.

"ಎಂಟು ಮನೆಯವರೂ ಟೀ ಕೊಟ್ಟರಲ್ಲ ಪಾಲಾಕ್ಷಪ್ಪ, ಒಬ್ಬರಾದರೂ ಅವನ ಅರ್ಹತೆ ಕೇಳಿದರಾ?"

ಪಾಲಾಕ್ಷಪ್ಪ ಕೈಯಲ್ಲಿದ್ದ ಕಾಳು ಹಿತುಕಿದ, ಸಿಪ್ಪೆ ಪಾತ್ರೆಗೆ ಹಾಕಿ ಕಾಳು ಬಿಸಾಡಿದ. ಎದುರು ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು. ಎದ್ದವನೇ ಒದ್ದೆ ಕೈಯಲ್ಲೇ ಅಡ್ಡಬಿದ್ದು, ಗಾಡಿ ಹತ್ತಿದ.

ಗಾಡಿ ಸಂತೆ ಮೈದಾನದ ಹತ್ತಿರ ನಿಂತುಹೋಯಿತು. ಪೆಟ್ರೋಲು ಖಾಲಿ. ಹದಿನಾಲ್ಕು ಮನೆ ಸುತ್ತೋಕೆ ಇದ್ದ ಪೆಟ್ರೋಲು ಇವತ್ತು ಇರಲಿಲ್ಲ. ಬೇಲಿಯ ಪಕ್ಕ ಗಾಡಿ ನಿಲ್ಲಿಸಿ ನಡೆದ. ನಡಿಗೆ ಸಾಲದು ಅಂತ ಓಡಿದ. ಅವನು ಓಡಿ ಇಪ್ಪತ್ತು ವರ್ಷವಾಗಿತ್ತು. ಪಂಚೆ ಕಾಲಿಗೆ ತೊಡರಿತು. ಒಂದು ಚಪ್ಪಲಿ ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟ. ಒಂದೇ ಕಾಲಿಗೆ ಚಪ್ಪಲಿ ಯಾಕೆ ಅಂತ ಇನ್ನೊಂದನ್ನೂ ಬಿಟ್ಟ. ಶಾಲೆಯ ಗೇಟಿನ ಹತ್ತಿರ ವಾಚ್‌ಮನ್ ತಡೆದು, "ಯಾರ್ ಬೇಕಿತ್ತು?" ಅಂದ. ಉಸಿರಿಲ್ಲದೆ ಪಾಲಾಕ್ಷಪ್ಪ ಬಾಯಿ ತೆರೆದು ನಿಂತ. ವಾಚ್‌ಮನ್ ಪಾಪ ಅಂತ ಕುಡಿಯೋಕೆ ನೀರು ಕೊಟ್ಟು ಒಳಗೆ ಬಿಟ್ಟ.

ಆಫೀಸಿನಲ್ಲಿ ಗುಮಾಸ್ತ ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಒಂದು ಮೂಲೆಯ ಬೆಂಚಿನ ಮೇಲೆ ಹೇಮಾವತಿಯ ತಾಯಿ ಕೂತಿದ್ದಳು. ಟಿ.ಸಿ. ಇಸ್ಕೊಳ್ಳಲು ಬಂದಿದ್ದಳು. ಪಾಲಾಕ್ಷಪ್ಪನನ್ನು ಕಂಡು ಎದ್ದು ನಿಂತಳು, "ಕೂತ್ಕೊಳ್ಳಿ ಅಣ್ಣಾ," ಅಂತ ತಾನು ಕೂತಿದ್ದ ಜಾಗವನ್ನೇ ಬಿಟ್ಟುಕೊಟ್ಟಳು.

"ಬೀಗ ಹಾಕ್ಬೇಡಪ್ಪ. ಆ ಫಾರಂ ಕೊಡು," ಅಂದ ಪಾಲಾಕ್ಷಪ್ಪ.

"ನಾಲ್ಕೇ ನಿಮಿಷ ಇದೆ ಸಾರ್. ಹನ್ನೊಂದು ಪ್ರಶ್ನೆಗೂ ಉತ್ತರ ಬರೀಬೇಕು. ರೂಲು ನೀವೇ ಮಾಡಿದ್ದು."

"ಹನ್ನೊಂದನ್ನೂ ಹೊಡೆದು ಹಾಕು."

"ಶಿಫಾರಸಿಗೆ ಕಾರಣ ಅಂತ ಕೊನೇಲೊಂದು ಇದೆ. ಅದನ್ನ ಖಾಲಿ ಬಿಟ್ರೆ ಆಡಿಟ್‌ನವರು ಬಿಡಲ್ಲ ಸಾರ್."

ಪಾಲಾಕ್ಷಪ್ಪ ಪೆನ್ನು ಇಸ್ಕೊಂಡು ಬರೆದ: "ಇವರ ಮನೆಯಲ್ಲಿ ಬಾದಾಮಿ ಹಾಲು ಕುಡಿದಿದ್ದೇನೆ." ಕೆಳಗೆ ಸಹಿ ಹಾಕಿದ. ಗುಮಾಸ್ತ ಎರಡು ಸಲ ಓದಿ, ದೊಡ್ಡವರ ವಿಷಯ ಅಂತ ಸುಮ್ಮನೆ ಸೀಲು ಒತ್ತಿದ. ಹಳೆಯ ಹದಿನಾಲ್ಕು ಅರ್ಜಿಗಳನ್ನೂ ಸೋಮವಾರ ತೆಗೆದಿಡು ಅಂತ ಪಾಲಾಕ್ಷಪ್ಪ ಹೇಳಿದ. ಅದರಲ್ಲಿ ಆರು ಮಕ್ಕಳು ಆಗಲೇ ಶಾಲೆ ಬಿಟ್ಟಿದ್ದಾರೆ ಅಂತ ಗುಮಾಸ್ತ ಹೇಳಿದ. ಪಾಲಾಕ್ಷಪ್ಪ "ಆ ಆರು ಮನೆಯ ವಿಳಾಸ ಮೊದಲು ತೆಗೆದಿಡು," ಅಂದ.

ಬರಿಗಾಲಲ್ಲಿ ಮನೆಗೆ ಬಂದವನನ್ನು ಹೆಂಡತಿ ಸರ್ವಮಂಗಳಾ ಮೇಲಿಂದ ಕೆಳಗೆ ನೋಡಿದಳು. ಚಪ್ಪಲಿ ಎಲ್ಲಿ ಅಂತ ಕೇಳಲಿಲ್ಲ. ಗಾಡಿ ಎಲ್ಲಿ ಅಂತಲೂ ಕೇಳಲಿಲ್ಲ. ಮೂವತ್ತೆರಡು ವರ್ಷದ ಅಭ್ಯಾಸ. ಅವನೇ ಜಗಲಿ ಮೇಲೆ ಕೂತು, ಸ್ವಾಮಿಗಳ ಕತೆಯಿಂದ ಹಿಡಿದು ಗುಮಾಸ್ತನ ಸೀಲಿನವರೆಗೆ ಎಲ್ಲಾ ಹೇಳಿದ. ಹೇಳಿ, "ಆ ವ್ಯಾಪಾರಿ ಎಂಥಾ ಪೆದ್ದ ಅಂತೀನಿ ನಾನು. ಇನ್ನೊಬ್ಬರ ಮನೇದು ತಂದು ಇಟ್ಟಿದಾರೆ ಅಂತ ಗೊತ್ತಾಗಲ್ವಾ ಒಬ್ಬ ಮನುಷ್ಯನಿಗೆ?" ಅಂದ.

ಸರ್ವಮಂಗಳಾ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಿಟ್ಟಳು.

"ನಮ್ಮಪ್ಪ ಗಂಡು ನೋಡೋಕೆ ಅಂತ ನಿಮ್ಮನೆಗೆ ಬಂದ ದಿನ ನಡುಮನೇಲಿ ಹಾಕಿದ್ರಲ್ಲ ತೇಗದ ಮಂಚ, ಅದು ಪಕ್ಕದ ಮನೇದು ಅಂತ ಅವರಿಗೆ ಗೊತ್ತಾಗಿತ್ತು ಕಣ್ರೀ," ಅಂದಳು. "ಗೊತ್ತಾಗಿಯೇ ನನ್ನ ಕೊಟ್ಟಿದ್ದು."