ನಡುಕ ಅಂಗಿ ಬದಲಿಸಿದ್ದು

ಮೂಗು ಒರೆಸಿಕೊಂಡು ಸುಮ್ಮನೆ ಮಲಗು, ಕಥೆ ಹೇಳುತ್ತೇನೆ. ಹತ್ತಿರ ಬಾ ಅಜ್ಜಿ ಎಂದು ಮಾತ್ರ ಕರೆಯಬೇಡ. ನನ್ನ ದನಿ ಇಲ್ಲಿಂದಲೂ ಕೇಳುತ್ತದೆ.

ಭೂಮಿಯ ಹಸಿ ಇನ್ನೂ ಆರಿರದ ಕಾಲ. ಆಗ ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಮನುಷ್ಯರ ಮೈಯೊಳಗಿನ ಬೆಂಕಿಯೂ ಮಾತಾಡುತ್ತಿತ್ತು. ಕೆಮ್ಮು, ಜ್ವರ ಏನೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ನಡುಕ ಎಂಬುದೊಂದಿತ್ತು. ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಕಾಣದ್ದು. ಅದಕ್ಕೆ ಮನೆಯಿರಲಿಲ್ಲ. ಮಳೆ ಮುಗಿದು ಇಬ್ಬನಿ ಬೀಳತೊಡಗಿದಾಗ ಗಾಳಿಯ ಬೆನ್ನೇರಿ ಜಾಗ ಹುಡುಕುತ್ತ ಹೊರಟಿತು. ಹೊಳೆಯನ್ನು ಕೇಳಿತು, ಹೊಳೆ ಒಲ್ಲೆ ಎಂದಿತು. ಬೇವಿನ ಮರವನ್ನು ಕೇಳಿತು, ಮರವೂ ಒಲ್ಲೆ ಎಂದಿತು. ಕೊನೆಗೆ ಬಾಯಿ ತೆರೆದು ನಗುತ್ತಿದ್ದ ಒಬ್ಬ ಹುಡುಗಿ ಕಂಡಳು. ಅವಳು ಹೊನ್ನವ್ವ. ತಾಯಿ ತಂದೆ ಇಲ್ಲದ ಅವಳಿಗೆ ಇದ್ದವನು ಅಜ್ಜ ಬಾಳಪ್ಪ ಒಬ್ಬನೇ. ನಡುಕ ಹೇಳದೆ ಕೇಳದೆ ಅವಳ ಗಂಟಲಿಗೆ ಇಳಿಯಿತು. ಒಳಗೆ ಬೆಚ್ಚಗಿತ್ತು.

ಸಂಜೆಗೆ ಹೊನ್ನವ್ವನ ತಲೆ ಸಿಡಿಯತೊಡಗಿತು. ಕೀಲುಕೀಲು ನೋಯಿತು. ಮೂಗು ಸೋರಿತು, ಕೆಮ್ಮು ಬಂತು. ಕಳ್ಳ ಹೊಕ್ಕಿದ್ದು ಮೈಯೊಳಗಿನ ಬೆಂಕಿಗೆ ತಿಳಿಯಿತು. "ನಾ ಉರದು ಇದನ್ನ ಹೊರಗ ಹಾಕ್ತೀನಿ. ನೀ ನೀರು ಕುಡದು ಮಲಕೋ," ಎಂದು ಉರಿಯಿತು. ಅದೇ ಮೊದಲ ಜ್ವರ.

ಆ ಊರಿನ ಜನ ಬಹಳ ಒಳ್ಳೆಯವರು, ಅದೇ ಮುಳುವಾಯಿತು. ಯಾರಾದರೂ ಮಲಗಿದ್ದಾರೆಂದರೆ ನೋಡಲು ಹೋಗದೆ ಇದ್ದಾರೆಯೇ? ಎಲ್ಲರೂ ಬಂದರು. ಹಾಸಿಗೆಯ ಅಂಚಿಗೆ ಕೂತರು, ಕೈ ಹಿಡಿದರು, ಅವಳ ತಂಬಿಗೆಯಿಂದಲೇ ನೀರು ಕುಡಿದರು. ಅಜ್ಜನಂತೂ ಅವಳ ತಲೆಯನ್ನು ತೊಡೆಯಿಂದ ಇಳಿಸಲೇ ಇಲ್ಲ. ಗಾಳಿ ಕಿಟಕಿಯಲ್ಲಿ ನಿಂತು, ನಿನ್ನ ಮೈ ಹಳೆಯದು, ಸ್ವಲ್ಪ ದೂರ ಕೂಡು ಎಂದು ಬೇಡಿಕೊಂಡಿತು. ಬಾಳಪ್ಪ ಮುಖ ತಿರುಗಿಸಿದ.

"ಮಮ್ಮಗಳಿಂದ ದೂರ ಕೂತು ನಾ ಏನು ಉಳಿಸ್ಕೊಳ್ಳಲಿ?" ಎಂದ.

ಹೊನ್ನವ್ವ ಸೀನಿದಳು. ಆ ಸೀನಿನ ಜೊತೆ ನಡುಕ ಅಜ್ಜನೊಳಗೂ ಹೋಯಿತು.

ಐದನೆಯ ದಿನ ಹೊನ್ನವ್ವನ ಜ್ವರ ಬಿಟ್ಟಿತು. ಎದ್ದು ನಿಂತರೆ ಕಾಲಲ್ಲಿ ತ್ರಾಣವಿಲ್ಲ, ಗಂಜಿ ರುಚಿಸುವುದಕ್ಕೂ ವಾರ ಬೇಕಾಯಿತು. ಅಜ್ಜನ ಮೈಯ ಬೆಂಕಿಯೋ ಬೂದಿ ಮುಚ್ಚಿದ್ದು. ಪಾಪ, ಅದೂ ಉರಿಯಲು ನೋಡಿತು. ಎದೆಯಲ್ಲಿ ಕಫ ಕಟ್ಟಿತು, ಉಸಿರು ಮೇಲೇರಿತು. ಒಂಬತ್ತನೆಯ ದಿನ ಬೆಳಿಗ್ಗೆ ಬೆಂಕಿ ಆರಿತು, ಅಜ್ಜ ಹೋಗಿಬಿಟ್ಟ.

ಈ ಮಾತು ಹೇಳುವಾಗ ಇವತ್ತಿಗೂ ನನಗೆ ದುಃಖ ಒತ್ತಿ ಬರುತ್ತದೆ.

ಹೊನ್ನವ್ವ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು. ಇನ್ನೆಂದೂ ಬರಬೇಡ ಎಂದು ನಡುಕಕ್ಕೆ ಹೇಳಿದಳು. ನಿನ್ನ ಗುರುತು ಹಿಡಿದಿದ್ದೇನೆ, ಬಂದರೆ ಬಾಗಿಲಲ್ಲೇ ಸುಡುತ್ತೇನೆ ಎಂದು ಅವಳ ಮೈಯ ಬೆಂಕಿಯೂ ಗದರಿತು. ನಡುಕಕ್ಕೆ ಅಳು ಬಂತು.

"ನನಗ ಬ್ಯಾರೆ ಮನಿ ಇಲ್ಲವ್ವ. ಅಂಗಿ ಬದಲಿಸ್ಕೊಂಡು ಬರ್ತೀನಿ," ಎಂದು ಗಾಳಿಯ ಬೆನ್ನೇರಿತು.

ಮಾತಾಡಿಸಲು ಬಂದ ಊರವರನ್ನು ಹೊನ್ನವ್ವ ಅಂಗಳದಲ್ಲೇ ನಿಲ್ಲಿಸಿದಳು. ಪ್ರೀತಿ ಇದ್ದವರು ಅಲ್ಲೇ ಕೂತುಕೊಳ್ಳಿ ಎಂದಳು. ಅವರಿಗೆ ಬೇಸರವಾಯಿತು, ಆದರೆ ಕೂತರು.

ಅದಕ್ಕೇ ಇಬ್ಬನಿ ಬೀಳುವ ಕಾಲಕ್ಕೆ ನಡುಕ ಪ್ರತಿವರ್ಷ ಹೊಸ ಅಂಗಿ ತೊಟ್ಟು ಬರುತ್ತದೆ, ಮೈಯ ಬೆಂಕಿ ಗುರುತು ಸಿಗದೆ ಮತ್ತೆ ಉರಿಯುತ್ತದೆ. ಅದಕ್ಕೇ ಮಗಾ, ನಿನ್ನ ಹಣೆ ಮುಟ್ಟಿ ನೋಡಲು ಎಷ್ಟೇ ಆಸೆಯಾದರೂ, ಗಂಜಿಯ ಬಟ್ಟಲನ್ನು ಒಳಗೆ ಸರಿಸಿ ಈ ಮುದುಕಿ ಹೊಸ್ತಿಲ ಆಚೆಯೇ ಕೂತಿದ್ದಾಳೆ.